ದಾರ ಕಟ್ಟಿದ ಬದನೆಕಾಯಿ

ನನ್ನ ನಾದಿನಿ ಮನಿಷಾ ಪುಣೆಯ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸದಲ್ಲಿದ್ದಾಳೆ. ರಾತ್ರಿ ಕೆಲಸ ಮುಗಿಸಿ ಕೋಣೆಗೆ ಬಂದ ಮೇಲೆ ಫೋನಿನಲ್ಲಿ ಮಾತಾಡಿ, ಆ ಮಾತನ್ನೇ ಕಳಿಸುತ್ತಾಳೆ. ನನ್ನ ಅತ್ತೆ ಕೆಂಪವ್ವನಿಗೆ ಓದಲು ಬಾರದು, ಅವರ ಬಳಿ ಫೋನೂ ಇಲ್ಲ. ಹಾಗಾಗಿ ಎಲ್ಲವೂ ನನ್ನ ಫೋನಿಗೇ ಬರುತ್ತವೆ. ಬೆಳಿಗ್ಗೆ ಹಾಲು ಕರೆದಾದ ಮೇಲೆ ನಾನು ಅದನ್ನು ಅತ್ತೆಯ ಕಿವಿಗೆ ಹಿಡಿಯುತ್ತೇನೆ. ಫೋನು ತುಂಬಿ ಒಂದೊಂದನ್ನೇ ಅಳಿಸಬೇಕಾಗಿ ಬಂದಾಗ, ಅಳಿಸುವ ಮೊದಲು ಈ ವಹಿಯಲ್ಲಿ ಬರೆದಿಟ್ಟೆ. ಅವಳು ಅತ್ತಿಗೆಯಾದ ನನ್ನನ್ನು ವೈನಿ, ಅಣ್ಣನಾದ ನನ್ನ ಗಂಡನನ್ನು ದಾದಾ ಎನ್ನುತ್ತಾಳೆ. ನನ್ನನ್ನು ಬೈದದ್ದನ್ನೂ ಬಿಟ್ಟಿಲ್ಲ. ನಾವು ಕಳಿಸಿದ ಉತ್ತರಗಳೂ ನಡುನಡುವೆ ಇವೆ.

ಕೋಮಲ, ಅಂಕಲಿ


ಪುಣೆ, ೧೯ ಮೇ ೨೦೨೪

ಅವ್ವಾ, ನಾ ಮನಿಷಾ. ವೈನಿ, ಫೋನ ಅವ್ವನ ಕೈಯಾಗ ಕೊಟ್ಟು ನೀ ಹೊರಗ ಹೋಗು. ಹೋಗಂಗಿಲ್ಲ ಅಂತ ಗೊತ್ತೈತಿ. ಇರು ಹಂಗಾರ, ಕೇಳು. ನನಗೇನು ಅಂಜಿಕಿ?

ಅವ್ವಾ, ನಾ ಚಲೋ ಅದೀನಿ. ಇವತ್ತ ಮೂವತ್ತ ಕಿಲೋ ಸೋರಿಕಾಯಿ ಹೆಚ್ಚೀನಿ, ಕೈ ಇನ್ನೂ ಅಂಟ ಅಂಟ ಅನ್ನಾಕತ್ತೈತಿ. ಖೋಲ್ಯಾಗ ನನ್ನ ಜೋಡಿ ನಿಪ್ಪಾಣಿ ಸಾನಿಯಾ ಅದಾಳ. ಅವರ ಅಮ್ಮಿ ಬೀಡಿ ಕಟ್ಟತಾಳಂತ. ಚಲೋ ಹುಡುಗಿ, ಆದ್ರ ಹತ್ತೂವರಿಗೆ ಲೈಟ ಆರಸ್ತಾಳ. ನಿಪ್ಪಾಣಿ ಗಾರ್ಮೆಂಟ ಬಿಟ್ಟಿ, ಕೊಲ್ಲಾಪುರದ ಅಂಗಡಿ ಬಿಟ್ಟಿ, ಇಲ್ಲಿ ಎಷ್ಟ ದಿನಾ ಅಂತ ಮತ್ತ ಕೇಳಬ್ಯಾಡ. ನನಗ ಗೊತ್ತಿಲ್ಲ.

ಇಲ್ಲಿ ರೋಗಿಗೋಳ ಊಟ ಬರದ ಕೊಡೂ ಮೇಡಂ ಒಬ್ಬಾಕಿ ಅದಾಳ, ಸೌಂದರ್ಯಾ ಮೇಡಂ. ಸೋಮವಾರಕ್ಕೊಂದ ಕಾಯಿಪಲ್ಲೆ ಹಿಡದು, ಅದು ಎಲ್ಲಿಂದ ಬಂತು, ತಿಂದ್ರ ಏನ ಚಲೋ ಅಂತ ಬೋರ್ಡ ಮ್ಯಾಲ ಮರಾಠ್ಯಾಗ ಬರೀತಾಳ. ಈ ವಾರ ಮೆಣಸಿನಕಾಯಿ. ಮೆಣಸಿನಕಾಯಿ ನಮ್ಮದಲ್ಲಂತ ಅವ್ವಾ! ಸಮುದ್ರದ ಆಚಿ ಮೆಕ್ಸಿಕೋ ಅಂತ ದೇಶ, ಅಲ್ಲಿದಂತ. ಐನೂರ ವರ್ಷದ ಹಿಂದ ಪೋರ್ತುಗೀಜರು ಹಡಗದಾಗ ಹಾಕ್ಕೊಂಡ ಗೋವಾಕ್ಕ ತಂದಾರ. ಅದಕ್ಕೂ ಮೊದಲ ನಮ್ಮ ಮಂದಿ ಖಾರಕ್ಕ ಕರಿಮೆಣಸ ಹಾಕತಿದ್ರು. ವೈನಿ ತವರಮನಿ ಖಾರದಪುಡಿ ಅಂತ ಓಣಿ ತುಂಬ ಹೊಗಳತಿ ಅಲಾ, ಅದು ಕಾಗವಾಡದ್ದೂ ಅಲ್ಲ ಏನೂ ಅಲ್ಲ. ಹೇಳಬೇಕನಸ್ತು, ಹೇಳಿದೆ.

ಅಪ್ಪಗ ಸಕ್ಕರಿ ಏರೈತಿ ಅಂದ್ಯಲಾ, ಮೇಡಂನ ಕೇಳಿದೆ. ಗೋಧಿ ಚಪಾತಿ, ಅನ್ನಾ ಕಡಿಮಿ ಮಾಡು, ಜ್ವಾಳದ ರೊಟ್ಟಿ ಮಾಡು, ಜೋಡಿ ಮೆಂತೆ ಪಲ್ಲೆ. ಅದರಾಗ ನಾರ ಇರ್ತೈತಿ, ಸಕ್ಕರಿ ಒಮ್ಮಿಗೇ ರಕ್ತಕ್ಕ ಏರಂಗಿಲ್ಲ. ಗುಳಗಿ ಮಾತ್ರ ಬಿಡಬಾರದು. ಇದನ್ನ ನಾ ಹೇಳಿದೆ ಅಂತ ಅಪ್ಪಗ ಹೇಳು. ನಾ ಹೇಳಿದೆ ಅಂತ.

ಇನ್ನೊಂದ ಮಾತ. ಬೀಜದ ಗಡಗಿ ವೈನಿ ಖೋಲ್ಯಾಗನ ಐತೇನು? ನಾ ಹತ್ತ ವರ್ಷದಾಕಿ ಇದ್ದಾಗಿಂದ ಬದನಿ ಗಿಡದ ಎರಡನೇ ಕಾಯಿಗೆ ಕೆಂಪ ದಾರ ಕಟ್ಟೀನಿ. ನೀ ಬಟ್ಟ ಮಾಡಿ ತೋರ್ಸೂದು, ನಾ ಕಟ್ಟೂದು. ಇದು ಬೀಜಕ್ಕ, ಯಾರೂ ಹರಿಬಾರದು ಅಂತ. ಆಕಿ ಈ ಮನಿಗೆ ಬಂದು ಎಂಟ ತಿಂಗಳ ಆಗಿತ್ತು, ದಾರ ಆಕಿ ಕೈಯಾಗ ಕೊಟ್ಟಿ. ಎಳ್ಳ ಅಮಾಸಿ ದಿನಾ ಗಡಗಿನೂ ಕೊಟ್ಟಿ. ನಾ ಅಲ್ಲೇ ಹೊಲಕ್ಕ ಚೆಲ್ಲೂ ಚರಗದ ಬುಟ್ಟಿ ಹಿಡಕೊಂಡ ನಿಂತಿದ್ದೆ, ನೀ ನನ್ನ ಮಾರಿ ಸೈತ ನೋಡಲಿಲ್ಲ.

ಸಿಟ್ಟಿಲ್ಲ. ಬರೇ ಹೇಳಾಕತ್ತೀನಿ. ಸಾನಿಯಾ ಲೈಟ ಆರಿಸಿದ್ಲು.

ನಿನ್ನ ಮಗಳು, ಮನಿಷಾ


ಅಂಕಲಿ, ೯ ಜೂನ್ ೨೦೨೪
(ಅತ್ತೆ ಹೇಳಿದ್ದು, ನಾನು ಬರೆದು ಕಳಿಸಿದ್ದು)

ಮನಿಷಾ, ಮೆಣಸಿನಕಾಯಿ ಎಲ್ಲಿಂದರ ಬರಲಿ, ಒಗ್ಗರಣಿ ಹಾಕಿದಾಗ ಸೀನ ಬರೂದು ನಮಗs ಅಲಾ? ನಕ್ಕ ನಕ್ಕ ಸಾಕಾತು.

ಅಪ್ಪನ ಸಕ್ಕರಿ ಇನ್ನೂರಾ ಅರವತ್ತ ಇದ್ದದ್ದು ನೂರಾ ಎಂಬತ್ತಕ್ಕ ಬಂದೈತಿ. ಕೋಮಲ ದಿನಾ ಎರಡೂ ಹೊತ್ತ ಬಿಸಿ ರೊಟ್ಟಿ ಬಡದ ಹಾಕತಾಳ. ಚಿಕ್ಕೋಡಿ ಡಾಕ್ಟರ, "ಅಣ್ಣಾಸಾಬ್ರ, ಮನ್ಯಾಗ ಅಡಗಿ ಯಾರ ಮಾಡ್ತಾರ್ರಿ" ಅಂತ ಕೇಳಿದ್ರಂತ. ಅಪ್ಪ "ನಮ್ಮ ಸೊಸಿರಿ" ಅಂದಾರ. ಆವತ್ತಿಂದ ಊರಾಗ ಅದೊಂದs ಮಾತ.

ಮಳಿ ಹದಾ ಆಗೈತಿ. ನಾಳಿ ಸಸಿಗೆ ಮಡಿ ಮಾಡಿ ಬದನಿ ಬೀಜಾ ಹಾಕತೀವಿ. ಗಡಗ್ಯಾಗಿನ ಬೀಜದ ಗಂಟ ಕೋಮಲ ಬಿಚ್ಚತಾಳ. ಹೊತ್ತಿಗಿ ಸರಿ ಉಣ್ಣು. ಮಂದಿ ಊಟ ಹೆಚ್ಚಿ ಹೆಚ್ಚಿ ನೀ ಉಪಾಸ ಇರಬ್ಯಾಡ.

ಅವ್ವ

ರೊಟ್ಟಿ ವಿಚಾರ ನಿಂದು ಅಂತ ನಾ ಮಾವನವರಿಗೆ ಹೇಳಿದ್ದೆ. ಡಾಕ್ಟರ ಮುಂದ ಅವರು ಮರತಾರ. (ಕೋಮಲ)


ಪುಣೆ, ೧೧ ಜೂನ್ ೨೦೨೪

ಸೊಸಿ! ಸೊಸಿ ಅಂದನಂತ! ಅಪ್ಪಾ, ಹಿಟ್ಟ ನಾದಿದಾಕಿ ಸೊಸಿ ಇರಬಹುದು, ಹೇಳಿದಾಕಿ ಯಾರು? ಇಲ್ಲಿ ಮೇಡಂನ ಹಿಂದ ಹಿಂದ ತಿರಗಿ, "ಮೇಡಂ, ನಮ್ಮ ಅಪ್ಪಗ ಸಕ್ಕರಿ ಐತ್ರಿ" ಅಂತ ನಾಚಿಕಿ ಬಿಟ್ಟ ಕೇಳಿದಾಕಿ ಯಾರು? ಇರಲಿ.

ವೈನಿ, ನೀನs ಮರತಾರ ಅಂತ ಬರೀತಿ. ಅಷ್ಟ ಚಲೋ ಇರಬ್ಯಾಡ, ನನಗ ಮೈ ಉರೀತೈತಿ.

ಜ್ವಾಳ ಆಫ್ರಿಕಾದ್ದಂತ, ಸುಡಾನ ಅಂತ ದೇಶದ ಕಡೆದು. ಸಾವಿರಾರು ವರ್ಷದ ಹಿಂದ ಬಂದದ್ದು. ಸೇಂಗಾ ಬ್ರೆಜಿಲ್, ಬೊಲಿವಿಯಾ ಕಡೆದು. ಬಟಾಟಿ ಪೆರು ದೇಶದ ಗುಡ್ಡದ್ದು. ನಿಪ್ಪಾಣಿ ತಂಬಾಕ ಸೈತ ಅಮೇರಿಕಾದ್ದು ಅಂದ್ಲು ಮೇಡಂ. ಸಾನಿಯಾ ಹೌಹಾರಿದ್ಲು. "ಹಮಾರೆ ನಿಪ್ಪಾಣಿ ಕಾ ನಹೀ?" ನಮ್ಮ ನಿಪ್ಪಾಣಿದಲ್ಲೇನು ಅಂತ ಮೂರ ಸಲ ಕೇಳಿದ್ಲು. ನೋಡವ್ವಾ, ನಮ್ಮ ಮನಿ ಬುಟ್ಟ್ಯಾಗ ಇದ್ದದ್ದೆಲ್ಲಾ ಹೊರಗಿಂದು. ಹೊರಗಿಂದ ಬಂದದ್ದಕ್ಕ ಈ ಮನ್ಯಾಗ ಭಾಳ ಮಾನ.

ಬೀಜಾ ಹಾಕಿದ್ರೇನು? ಗಂಟ ಬಿಚ್ಚಿದಾಗ ನೀ ಇದ್ದೇನವ್ವಾ, ಆಕಿ ಒಬ್ಬಾಕಿನ ಬಿಚ್ಚಿದ್ಲೇನು? ಏನಿಲ್ಲ, ಹಂಗ ಕೇಳಿದೆ. ಎಷ್ಟ ದಿನಕ್ಕ ಏಳತಾವ ಹೇಳು.

ಮನಿಷಾ


ಪುಣೆ, ೪ ಆಗಸ್ಟ್ ೨೦೨೪

ಎರಡ ತಿಂಗಳ ಆತು, ನಿಮ್ಮದು ಒಂದs ಮಾತು: "ಸಸಿ ಚಲೋ ಎದ್ದಾವ, ಹಚ್ಚಾತು." ಅಷ್ಟನs? ನಾ ಇಲ್ಲಿ ಅರ್ಧಾ ತಾಸ ಮಾತಾಡ್ತೀನಿ, ನೀವು ಒಂದ ಸಾಲ ಕಳಸ್ತೀರಿ. ದಾದಾ ಸೈತ ಫೋನ ಮಾಡಿದ್ರ, "ಕೋಮಲ ಅಗಸಿ ಹಿಂಡಿ ಮಾಡ್ಯಾಳ, ರೊಟ್ಟಿ ಜೋಡಿ ಚಟ್ನಿಗೆ ಭಾರಿ ಆಗೇತಿ" ಅಂತಾನ. ಅಗಸಿ ಎದಿಗೆ ಚಲೋ, ಮಲಬದ್ಧತಾಕ್ಕ ಚಲೋ, ಗೊತ್ತೈತಿ ನನಗ. ಆ ಬೋರ್ಡೂ ಓದೀನಿ. ಆಕಿಗಿಂತ ಮೊದಲ ಅಗಸಿ ಹಿಂಡಿ ಯಾರೂ ಕುಟ್ಟೇ ಇಲ್ಲೇನು ಆ ಮನ್ಯಾಗ?

ಈ ಸೋಮವಾರ ಬದನಿಕಾಯಿ ಇತ್ತು ಅವ್ವಾ. ಓದಿ ನಾ ಅಲ್ಲೇ ನಿಂತೆ. ಬದನಿ ನಮ್ಮದಂತ! ಈ ದೇಶದ್ದs. ಇಲ್ಲಿಂದ ಜಗತ್ತ ತುಂಬ ಹೋಗೇತಿ. ಉಳದದ್ದೆಲ್ಲಾ ಬಂದದ್ದು, ಇದೊಂದ ಇಲ್ಲೇ ಹುಟ್ಟಿದ್ದು. ಸಿಪ್ಪಿ ತಗದ ಚೆಲ್ಲಬಾರದಂತ, ಆ ನೇರಳಿ ಬಣ್ಣದಾಗs ಸತ್ವ ಐತಂತ. ನಾರ ಭಾಳ, ಸಕ್ಕರಿ ಇದ್ದವರಿಗೂ ನಡೀತೈತಿ, ಎಣ್ಣಿ ಕಡಿಮಿ ಹಾಕಬೇಕಷ್ಟ. ನಾ ಮೇಡಂಗ ಹೇಳಿದೆ, ನಮ್ಮದು ಕೃಷ್ಣಾ ದಂಡಿ ಬದನಿರಿ, ಬಿಳಿ ಗೀರ ಇರ್ತಾವ, ತೊಟ್ಟಿಗೆ ಮುಳ್ಳ, ಬೆಂಕ್ಯಾಗ ಸುಟ್ರ ಬೆಣ್ಣಿ ಆಗ್ತೈತಿ ಅಂತ. ಆಕಿ, "ಬೀಜ ಇದ್ರ ನನಗೂ ತಂದ ಕೊಡು" ಅಂದ್ಲು. ನಾ ಮಾತ ಬ್ಯಾರೆ ಕಡೆ ತಿರಗಿಸಿದೆ.

ಆ ಮನ್ಯಾಗ ಹುಟ್ಟಿದಾಕಿ ನಾ. ನೆನಪಿರಲಿ.

ಮನಿಷಾ


ಅಂಕಲಿ, ೧೫ ಸೆಪ್ಟೆಂಬರ್ ೨೦೨೪

ಮನಿಷಾ, ಇದನ್ನ ನಾನs ಬರ್ಯಾಕತ್ತೀನಿ. ನಿಮ್ಮವ್ವಗ ಗೊತ್ತಿಲ್ಲ.

ಬದನಿ ಕಾಯಿ ಬಿಟ್ಟಾವ. ಒಂದ ಗಿಡದಾಗ ಉದ್ದನ ಹಸರು, ಒಂದರಾಗ ತತ್ತಿ ಹಂಗ ಬಿಳಿ, ಒಂದರಾಗ ಕಪ್ಪಗ ಗುಂಡಗ. ನಮ್ಮ ಗೀರಿನ ಕಾಯಿ ಒಂದೂ ಇಲ್ಲ. ಒಂದ ಗಿಡದಾಗರ ಬರ್ತೈತಿ ಅಂತ ದಿನಾ ಮುಂಜಾನೆದ್ದ ಓಡಿ ಹೋಗಿ ನೋಡ್ತಿದ್ದೆ.

ಬದುವಿನ ಮ್ಯಾಲ ಬಾಜೂ ಹೊಲದ ದ್ರೌಪದಿ ಕಾಕು ನಿಂತು, "ಕೆಂಪವ್ವಾ, ಸೊಸಿ ಕೈಗೆ ಕೊಟ್ಟಿ, ಹೊಲ ಹೋಗಿ ಗುರುವಾರ ಸಂತಿ ಆತ ನೋಡು" ಅಂದ್ಲು. ಕಳೆ ತಗ್ಯಾಕ ಬಂದವ್ರೆಲ್ಲಾ ನಕ್ರು. ಅತ್ತಿ ನಗಲಿಲ್ಲ, ನನಗ ಬೈಲೂ ಇಲ್ಲ. ಮನಿಗೆ ಬಂದು ನನ್ನ ಖೋಲ್ಯಾಗಿಂದ ಗಡಗಿ ಎತ್ಕೊಂಡು ದೇವರ ಜಗಲಿ ಮೂಲ್ಯಾಗ ಇಟ್ಲು. ಸಂಜಿಕ ನಾ ಹಾಲಿಗೆ ಹೆಪ್ಪ ಹಾಕಾಕ ಹೋದ್ರ, "ಇರಲಿ ಬಿಡು, ನಾ ಹಾಕತೀನಿ" ಅಂದ್ಲು. ಹೆಪ್ಪ ಮನಿಷಾ. ಮೊಸರಿಗೂ ನನ್ನ ಕೈ ಬ್ಯಾಡಾತು.

ರಾತ್ರಿ ಮಾವನವರ ಮುಂದ, "ನನ್ನ ಬೀಜಾ ಮುಗೀತು" ಅಂತ ಅನ್ನಾಕತ್ತಿದ್ಲು. ಹ್ವಾದ ವರ್ಷದ ಬೀಜಾ ಎಲ್ಲಾ ಆ ಗಂಟಿನಾಗs ಇತ್ತಂತ, ಬ್ಯಾರೆ ಎಲ್ಲೂ ಇಟ್ಟಿಲ್ಲಂತ.

ಆ ಬೀಜದ ವಿಚಾರ ನಿನಗ ಗೊತ್ತಿದ್ದಷ್ಟ ಯಾರಿಗೂ ಗೊತ್ತಿಲ್ಲ. ನಾ ಏನ ತಪ್ಪ ಮಾಡ್ದೆ? ಬೀಜಕ್ಕ ಹಚ್ಚಿದ ಬೂದಿ ಹೆಚ್ಚ ಆತೇನು? ಸಸಿ ಹಚ್ಚೂ ದಿನಾ ಸರಿ ಇರಲಿಲ್ಲೇನು? ನನ್ನ ಮ್ಯಾಲ ಸಿಟ್ಟ ಇರಲಿ, ಇದೊಂದ ಹೇಳು.

ಕೋಮಲ


ಪುಣೆ, ೧೬ ಸೆಪ್ಟೆಂಬರ್ ೨೦೨೪

ವೈನಿ, ನನಗೇನ ಗೊತ್ತು? ನಾ ಎಲ್ಲಿದ್ದೆ, ಬೀಜಾ ಎಲ್ಲಿದ್ವು? ಹುಳಾ ಒಂದ ಹೊಲದ ಹೂವಿನಿಂದ ಇನ್ನೊಂದ ಹೊಲದ ಹೂವಿಗೆ ಹೋಗಿ ಕೂಡ್ರತಾವ, ಅದರಿಂದನೂ ಕಾಯಿ ಬ್ಯಾರೆ ಬ್ಯಾರೆ ಆಗ್ತಾವ ಅಂತ ಮೇಡಂ ಅಂತಾಳ. ಹಂಗೇನರ ಆಗಿರ್ತೈತಿ.

ಗಡಗಿ ಅವ್ವನ ಹತ್ರ ಬಂತಲಾ. ಅಷ್ಟs ಆಗಲಿ ಬಿಡು.

ಮನಿಷಾ


ಪುಣೆ, ೬ ಅಕ್ಟೋಬರ್ ೨೦೨೪

ಅವ್ವಾ. ವೈನಿ. ಇಬ್ಬರೂ ಕೂತ ಕೇಳ್ರಿ. ವೈನಿ, ಇದನ್ನೂ ಅವ್ವನ ಕಿವಿಗೆ ಹಚ್ಚಿ ಕೇಳಸು, ಬಿಡಬ್ಯಾಡ.

ವೈನಿ, ಕಾಯಿ ಬ್ಯಾರೆ ಬ್ಯಾರೆ ಬಂದಾವ ಅಂತ ನೀ ಬರದದ್ದ ಓದಿ ಆ ದಿನಾ ನಾ ನಕ್ಕಿದ್ದೆ. ಖರೇನs ನಕ್ಕೆ. ಸಾನಿಯಾ ರೊಟ್ಟಿ ಮುರಕೋತ ಕೂತಿದ್ಲು, "ಏನ ಸುದ್ದಿ, ಯಾರದರ ಮದಿವಿ ಠರಾವ ಆತೇನ?" ಅಂದ್ಲು. ಎಲ್ಲಾ ಹೇಳಿದೆ. ಆಕಿ ನಗಲಿಲ್ಲ. "ತುಝೆ ಪತಾ ಥಾ ಕ್ಯಾ?" ನಿನಗ ಮೊದಲs ಗೊತ್ತಿತ್ತೇನು ಅಂದ್ಲು. ಆವತ್ತಿಂದ ನನಗ ಊಟ ಹೋಗವಲ್ದು.

ಬೀಜಾ ನಾ ತಗದೀನಿ.

ಫೆಬ್ರವಾರ್ಯಾಗ ಪುಣೆಕ್ಕ ಬರೂ ಹಿಂದಿನ ದಿನಾ. ನೀವೆಲ್ಲಾ ರಾಯಬಾಗಕ್ಕ ಮದಿವಿಗೆ ಹೋಗಿದ್ರಿ, ತಲಿ ನೋವ ಅಂತ ನಾ ಒಬ್ಬಾಕಿನs ಮನ್ಯಾಗಿದ್ದೆ. ದ್ರೌಪದಿ ಕಾಕುನ ಹೊಲದಾಗ ಹೈಬ್ರಿಡ್ ಬದನಿ ಹಣ್ಣಾಗಿ ಹಳದಿ ತಿರಗಿ ಬಿದ್ದಿದ್ವು. ಎರಡ ತಂದೆ, ಬೀಜಾ ಹಿಂಡಿ ತೊಳದೆ, ಒಲಿ ಮುಂದ ಒಣಗಿಸಿ ಬೂದ್ಯಾಗ ಹೊಳ್ಳಾಡಿಸಿದೆ. ಅವ್ವನ ಗಂಟ ಬಿಚ್ಚಿ ಅದರಾಗಿನ ಬೀಜಾ ತಗದು ಇವನ್ನ ತುಂಬಿದೆ. ಅದs ಬಟ್ಟಿ, ಅದs ಗಂಟ. ಆ ಗಂಟ ಹಾಕಾಕ ನನಗ ಕಲಿಸಿದಾಕಿ ನೀನs ಅವ್ವಾ, ಅದಕ್ಕs ನಿನಗ ಅನುಮಾನ ಬರಲಿಲ್ಲ.

ಹೈಬ್ರಿಡ್ ಕಾಯಿ ಬೀಜಾ ಮತ್ತ ಬಿತ್ತಿದ್ರ ಒಂದ ತರಾ ಬರಂಗಿಲ್ಲ, ನನಗ ಗೊತ್ತಿತ್ತು. ವೈನಿ ಕೈಲೆ ಹಾಳಾಗಬೇಕು, ನೀ ಆಕಿ ಕೈಯಿಂದ ಗಡಗಿ ಕಸಗೋಬೇಕು, ಅಷ್ಟs ನನಗ ಬೇಕಾಗಿತ್ತು. ಅಷ್ಟೂ ಆತು. ಕೈಗುಣ ಅಂತ ಮಂದಿ ನಗತಾರ ಅಂತ ನನಗ ತಿಳೀಲಿಲ್ಲ. ಹೆಪ್ಪದ ಮಾತ ತಿಳೀಲಿಲ್ಲ. ತಿಳದಿದ್ರ ಬಿಡತಿದ್ದೆನೇನು? ಗೊತ್ತಿಲ್ಲ. ಸುಳ್ಳ ಯಾಕ ಹೇಳಲಿ.

ನಿಮ್ಮ ಬೀಜಾ ನನ್ನ ಹತ್ರ ಅದಾವ. ಸಾನಿಯಾ ಕೇಳಬಾರದಂತ ಬೂದಿ ಜಾಡಿಸಿ, ಪೌಡರ ಡಬ್ಬ್ಯಾಗ ಹಾಕಿ ಟ್ರಂಕಿನಾಗ ಇಟ್ಟಿದ್ದೆ. ಆಗಸ್ಟನ್ಯಾಗ ಹತ್ತ ಬೀಜಾ ಬಣ್ಣದ ಡಬ್ಬ್ಯಾಗ ಮಣ್ಣ ತುಂಬಿ ತಾರಸಿ ಮ್ಯಾಲ ಹಾಕಿದ್ದೆ. ನನ್ನ ಕೈಲೆ ಬರ್ತಾವ, ನೋಡ ಅಂತ ಫೋಟೋ ಕಳಸ್ಬೇಕಂತ. ಒಂದೂ ಏಳಲಿಲ್ಲ. ನಿನ್ನೆ ಡಬ್ಬಿ ತಗದ್ರ ಒಳಗ ಬೂಷ್ಟ ಹಿಡದೈತಿ ಅವ್ವಾ. ನಮ್ಮ ಖೋಲಿ ಗ್ವಾಡಿ ಮಳಿಗಾಲದಾಗ ಒಸರತೈತಿ. ಬೀಜಾ ಒಂದಕ್ಕೊಂದ ಅಂಟಗೊಂಡಾವ. ಸೋಸಿ, ಒರಸಿ, ಬಿಸಲಿಗೆ ಇಟ್ಟೀನಿ. ಉಳದಾವೋ ಇಲ್ಲೋ ನೋಡಿ ತಿಳ್ಯಾಂಗಿಲ್ಲ.

ಬೈರಿ. ಏನರ ಅನ್ರಿ.

ಮನಿಷಾ


ಪುಣೆ, ೨೭ ಅಕ್ಟೋಬರ್ ೨೦೨೪

ಇಪ್ಪತ್ತ ದಿನಾ ಆತು. ನೀಲಿ ಗೀಟ ಬಂದಾವ, ಅಂದ್ರ ನೀವು ಕೇಳೀರಿ. ದೀಪಾವಳಿ ನಾಕ ದಿನಾ ಐತಿ. ಪಾರ್ಸಲ್ ಕಳಸ್ಲೇನು? ನಾ ಬರಲೇನು? ಬರಬ್ಯಾಡ ಅಂದ್ರ ಬ್ಯಾಡ ಅನ್ರಿ, ಆದ್ರ ಏನರ ಒಂದ ಅನ್ರಿ.

ಮನಿಷಾ


ಅಂಕಲಿ, ೩ ನವೆಂಬರ್ ೨೦೨೪

ಮನಿಷಾ,

ನಿನ್ನ ಮಾತ ನಾ ಒಬ್ಬಾಕಿನs ಕೇಳೀನಿ. ಅತ್ತಿ ಕಿವಿಗೆ ಹಚ್ಚಿಲ್ಲ. ಎಲ್ಲಾ ಹಚ್ಚೀನಿ ಇಲ್ಲೀತನಕ, ನನ್ನ ತವರಮನಿ ಖಾರದಪುಡಿಗೆ ನೀ ಅಂದದ್ದೂ ಹಚ್ಚೀನಿ. ಇದೊಂದ ಆಗಲಿಲ್ಲ.

ನಾ ದೊಡ್ಡಾಕಿ ಅಂತ ತಿಳೀಬ್ಯಾಡ. ಮೊದಲನೇ ದಿನಾ ಓಣ್ಯಾಗ ನಿಂತ ಜೋರ ಮಾಡಿ ಹಚ್ಚಬೇಕನಸ್ತು, ದ್ರೌಪದಿ ಕಾಕುಗ ಕೇಳೂ ಹಂಗ. ಫೋನ ಕೈಯಾಗ ಹಿಡಕೊಂಡ ಬಾಗಲತನಕ ಹೋಗೀನಿ. ಆಮ್ಯಾಲ ಅನಸ್ತು, ಫೋನಿನಾಗಿಂದ ಬಂದ ಮಾತ ಅತ್ತಿ ನಂಬಿದ್ರೂ, ನಾನs ನಿನ್ನ ಕಡಿಂದ ಅನಿಸೀನಿ ಅಂತ ನಾಕ ಮಂದಿ ಅಂತಾರ. ನೀ ಬಂದು ನಿನ್ನ ಬಾಯಿಲೆ ಹೇಳು. ಪಾರ್ಸಲ್ ಬ್ಯಾಡ. ನಿನ್ನ ಕೈಲೆ ತಾ.

ಎಳ್ಳ ಅಮಾಸಿ ಡಿಸೆಂಬರ್ ಮೂವತ್ತಕ್ಕ ಐತಿ. ಅಲ್ಲೀತನಕ ನಾ ಸುಮ್ಮನಿರ್ತೀನಿ. ಅದರ ಮರುದಿನಾ ಅತ್ತಿ ಕಿವಿಗೆ ಹಚ್ಚತೀನಿ.

ಬೀಜಕ್ಕ ಒಣಾ ಬೂದಿ ಹಾಕಿ ಇಡು. ಗಾಜಿನ ಬಾಟ್ಲ್ಯಾಗ ಇಡು, ಗ್ವಾಡಿಯಿಂದ ದೂರ.

ಕೋಮಲ


ಅಂಕಲಿ, ೩೦ ಡಿಸೆಂಬರ್ ೨೦೨೪

ಇಂದು ಮಾತು ಬಂದದ್ದು ಫೋನಿನಲ್ಲಲ್ಲ; ಆದರೂ ಇದೇ ವಹಿಯಲ್ಲಿ ಬರೆಯುತ್ತಿದ್ದೇನೆ.

ಮನಿಷಾ ಬೆಳಗಿನ ಬಸ್ಸಿಗೆ ಚಿಕ್ಕೋಡಿಗೆ ಬಂದಿಳಿದು, ಟೆಂಪೋ ಹಿಡಿದು ನೇರ ಹೊಲಕ್ಕೇ ಬಂದಳು. ನಾವು ಬುಟ್ಟಿ ಇಳಿಸಿ, ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡುತ್ತಿದ್ದೆವು. ಅವಳು ಚೀಲ ಕೆಳಗಿಟ್ಟವಳೇ ಅತ್ತೆಯ ಮುಂದೆ ಕೂತು ಗಾಜಿನ ಬಾಟಲಿ ತೆಗೆದಳು. ಅಷ್ಟು ಮಾತಾಡುವ ಹುಡುಗಿಗೆ ಮೂರು ಮಾತು ಹೊರಡಲು ಬಹಳ ಹೊತ್ತು ಹಿಡಿಯಿತು. ನಾನು ನೀರು ತರುವ ನೆವದಲ್ಲಿ ಎದ್ದೆ. "ಕೂಡ್ರ ವೈನಿ" ಎಂದಳು. ಕೂತೆ.

ಅತ್ತೆ ಎಲ್ಲ ಕೇಳಿದರು. ಬಾಟಲಿಯ ಬೀಜವನ್ನು ಅಂಗೈಗೆ ಸುರುವಿ ಮೂಸಿದರು. ಅವರ ಮುಖ ಆಗ ಕೆಂಪಾಯಿತು.

"ಬೂದಿ ಯಾಕ ತಗದಿ?"

"ಅವ್ವಾ, ನಾ ಕದ್ದದ್ದಕ್ಕ..."

"ಕದ್ದದ್ದ ಆಮ್ಯಾಲ. ಹತ್ತ ವರ್ಷ ನನ್ನ ಬೆನ್ನ ಹಿಂದ ತಿರಗಿದಾಕಿ ನೀ. ಬೂದಿ ಯಾಕ ತಗದೀಲೇ? ಇದಕ್ಕ ಉಸಿರ ಹಂಗ ಅದು."

ಮನಿಷಾ ಅಳತೊಡಗಿದಳು. ಅತ್ತೆ ಸಮಾಧಾನ ಮಾಡಲಿಲ್ಲ. ಬೀಜವನ್ನು ಮತ್ತೆ ಬಾಟಲಿಗೆ ಹಾಕುತ್ತ, ಯಾರನ್ನೂ ನೋಡದೆ ಹೇಳಿದರು: "ಈ ಬೀಜಾ ಈ ಮನಿದಂತ ತಿಳದೀರಿ ಇಬ್ಬರೂ. ಇದು ರಾಯಬಾಗದ್ದು, ನನ್ನ ತವರದ್ದು. ಮದಿವ್ಯಾಗಿ ಬರೂ ದಿನಾ ನಮ್ಮವ್ವನ ಕೇಳಿದೆ, ಸೆರಗಿಗೆ ಕಟ್ಟಿ ಕಳಸಿದ್ಲು. ನೀ ಒಂದ ಮಾತ ಕೇಳಿದ್ರ ಅರ್ಧಾ ಕೊಡತಿದ್ದೆ. ಕೇಳಾಕ ಏನ ಬ್ಯಾನಿ ಆಗಿತ್ತು?"

ಮನಿಷಾ ನನ್ನ ಕಡೆ ನೋಡಿದಳು, ನಾನು ಅವಳ ಕಡೆ. ನಾನೂ ಆ ಗಡಿಗೆಯನ್ನು ನನ್ನ ಕೋಣೆಯ ಕದ ಹಾಕಿಯೇ ಇಟ್ಟುಕೊಂಡಿದ್ದೆ.

ಮಾವನವರು ಹೊಲದ ಸುತ್ತ ನೈವೇದ್ಯದ ಚರಗ ಚೆಲ್ಲಿ ಬಂದರು. ಊಟಕ್ಕೆ ಎಲ್ಲರೂ ಸುತ್ತ ಕೂತಾಗ ಪಕ್ಕದ ಹೊಲದಿಂದ ದ್ರೌಪದಿ ಕಾಕುವೂ ಬಂದರು. ಎಣ್ಣೆಗಾಯಿಯ ಪಾತ್ರೆಯಲ್ಲಿ ಹಸಿರು, ಬಿಳಿ, ಕಪ್ಪು ಬದನೆಗಳೆಲ್ಲ ಒಟ್ಟಿಗೆ ಬೆಂದಿದ್ದವು. ಕಾಕು ಒಂದು ತುತ್ತು ತಿಂದು ತಲೆಯಾಡಿಸಿದರು. "ರುಚಿನs ಇಲ್ಲ ನೋಡ ಕೆಂಪವ್ವಾ. ಕೈಗುಣ ಬೇಕ ಅದಕ್ಕ."

ಅತ್ತೆ ಮಗಳನ್ನು ನೋಡಿದರು. ಮನಿಷಾ ತಾಟು ಕೆಳಗಿಟ್ಟಳು.

"ಕಾಕು, ಅದು ವೈನಿ ಕೈಗುಣ ಅಲ್ರಿ. ನಿಮ್ಮ ಹೊಲದ ಹೈಬ್ರಿಡ್ ಬೀಜಾ ಅದು. ನಾನs ಕದ್ದ ತಂದು ಗಂಟಿನಾಗ ತುಂಬಿದ್ದೆ."

ಕಾಕುವಿನ ಕೈಯಲ್ಲಿ ತುತ್ತು ಹಾಗೇ ನಿಂತಿತು. "ನಮ್ಮ ಹೊಲದ್ದ?" ಎಂದರು. ಇನ್ನೊಂದು ಕಾಯಿ ಮುರಿದು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದರು. "ಹಂಗ ಅಂದ್ರ... ಅಷ್ಟೇನ ಕೆಟ್ಟಿಲ್ಲ ಬಿಡು."

ಮಾವನವರಿಗೆ ನಗು ತಡೆಯದೆ ತುತ್ತು ನೆತ್ತಿಗೇರಿತು. ಅತ್ತೆ ನಗಲಿಲ್ಲ. ಆದರೆ ಸಂಜೆ ಮನೆಗೆ ಬಂದ ಮೇಲೆ ಹಾಲಿನ ಪಾತ್ರೆಯನ್ನು ನನ್ನ ಮುಂದೆ ಸರಿಸಿ, "ಹೆಪ್ಪ ಹಾಕು" ಎಂದರು.

ಬೀಜವನ್ನು ನೀರಿಗೆ ಹಾಕಿ ನೋಡಿದೆವು. ಹೆಚ್ಚಿನವು ತೇಲಿದವು. ಮುಳುಗಿದವು ಹದಿನೇಳು. ನಾಳೆ ಮಡಿ ನಾನು ಮಾಡಬೇಕು, ಬೀಜ ಮನಿಷಾ ಊರಬೇಕು. ಅತ್ತೆಯ ಅಪ್ಪಣೆ.

ಕೋಮಲ


ಪುಣೆ, ೨೬ ಜನವರಿ ೨೦೨೫

ವೈನಿ, ಫೋಟೋ ನೋಡಿದೆ. ಮೂರು. ಹದಿನೇಳರಾಗ ಮೂರs ಎದ್ದಾವ. ಸಾನಿಯಾಗ ತೋರಿಸಿದೆ, ಆಕಿ ಕುಣದಾಡಿದ್ಲು, ನನಗ ಅಳು ಬಂತು. ಅವ್ವಗೂ ಹಚ್ಚು ಇದನ್ನ. ನೀ ಹೊರಗ ಹೋಗಬ್ಯಾಡ, ಕೂಡ್ರು.

ಫೋಟೋದಾಗ ನಿನ್ನ ಕೈಬಳಿ ಕಾಣತಾವ. ಸಸಿ ಪಕ್ಕ ನಿನ್ನ ಕೈ. ದಿನಾ ಅವು ನಿನ್ನ ಕೈ ನೋಡತಾವ, ನನ್ನ ಕೈ ಒಂದs ದಿನಾ ನೋಡ್ಯಾವ. ಅದನ್ನ ನೆನಸಿದ್ರ ಇನ್ನೂ ಮೈ ಉರೀತೈತಿ, ಖರೇ ಹೇಳತೀನಿ. ಹೋಗವಲ್ದು ಅದು. ಬಲಗಡೆ ಇದ್ದದ್ದು ನಂದು ಅಂತ ಇಟ್ಕೋ. ಅದಕ್ಕ ನೀರ ನೀ ಹಾಕಬ್ಯಾಡ, ಅವ್ವ ಹಾಕಲಿ. ಬ್ಯಾಡ, ಅವ್ವನ ಸೊಂಟ ನೋಯ್ತೈತಿ. ನೀನs ಹಾಕು. ಆದ್ರ ಹಾಕೂ ಮುಂದ ಇದು ಮನಿಷಾಂದು ಅಂತ ಬಾಯಿಬಿಟ್ಟ ಅನ್ನು.

ಅಪ್ಪನ ಸಕ್ಕರಿ ನೂರಾ ನಲವತ್ತು ಅಂತ ದಾದಾ ಹೇಳಿದ. ಈ ಸಲ ಅಪ್ಪ ಡಾಕ್ಟರಗ "ಮಗಳೂ ಸೊಸಿನೂ" ಅಂದಾರಂತ. ನೀ ಕಲಿಸಿದಿ ಅಲಾ ಅವರಿಗೆ? ಗೊತ್ತೈತಿ ನನಗ.

ಮೇಡಂ ಬೀಜಾ ಮತ್ತ ಕೇಳಿದ್ಲು. ಮೂರs ಗಿಡ ಅದಾವ್ರಿ, ಮುಂದಿನ ವರ್ಷ ನೋಡೋಣ ಅಂದೀನಿ.

ಮೊದಲನೇ ಕಾಯಿ ಬಂದಾಗ ನೀವು ಸುಟ್ಟ ತಿನ್ರಿ, ನನಗ ಕಾಯಬ್ಯಾಡ್ರಿ. ಎರಡನೇದಕ್ಕ ದಾರ ಕಟ್ಟಾಕ ಮಾತ್ರ ನಾ ಬರ್ತೀನಿ. ಸೂಟಿ ಕೇಳೀನಿ, ಕೊಡ್ತಾರೋ ಇಲ್ಲೋ. ಸಿಗದಿದ್ರ... ಸಿಗದಿದ್ರ ನೀ ಕಟ್ಟು ವೈನಿ. ಕೆಂಪದs ಕಟ್ಟು. ಕಟ್ಟೂ ಮುಂದ ವಿಡಿಯೋ ಕಾಲ್ ಹಚ್ಚು, ಫೋನ ಅವ್ವನ ಕೈಯಾಗ ಕೊಡು. ಮೆಲ್ಲಕ ಕಟ್ಟು. ನಾ ನೋಡಬೇಕು.

ಮನಿಷಾ